ಉರಿವ ಮನೆಯಲ್ಲಿ ಗಳ ಹಿರಿಯುವವರು

ಪ್ರಕಾಶನ ಸಂಸ್ಥೆಯೊಂದು ಬಾಗಿಲು ಹಾಕಿದ ಸುದ್ದಿ ಅದರ ಲೇಖಕರಿಗೆ ಮುಟ್ಟುವ ಹೊತ್ತಿಗೆ ಅವರ ಹೆಸರು, ಪುಸ್ತಕ, ಫೋನ್ ನಂಬರು ಇನ್ಯಾರದೋ ಮೇಜಿನ ಮೇಲೆ ಬಂದು ಕೂತಿರುತ್ತವೆ. ಎರಡು ಮೂರು ವಾರದೊಳಗೆ ಕರೆ ಬರುತ್ತದೆ. ದನಿ ಮೆತ್ತಗಿರುತ್ತದೆ. ನಿಮಗಾದ ಅನ್ಯಾಯ ಕೇಳಿ ಬೇಜಾರಾಯಿತು, ನಿಮ್ಮ ಪುಸ್ತಕ ಅನಾಥವಾಗಬಾರದು, ನಮ್ಮಲ್ಲಿಗೆ ಬನ್ನಿ, ನಿಮ್ಮಂಥವರಿಗಾಗಿಯೇ ದರ ಇಳಿಸಿದ್ದೇವೆ. ದರ ಎಂಬ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಬೇಕು. ಆದರೆ ಪುಸ್ತಕ ಕಳೆದುಕೊಂಡ ಸಂಕಟದಲ್ಲಿರುವವರಿಗೆ ಆ ಮಾತು ಕೇಳಿಸುವುದಿಲ್ಲ. ಅನಾಥ ಎಂಬುದೊಂದೇ ಕೇಳಿಸುತ್ತದೆ.

ಅಮೆರಿಕದ ಓಕ್ಲಹೋಮಾ ರಾಜ್ಯದ ಮಸ್ಟಾಂಗ್ ಎಂಬ ಊರಿನಲ್ಲಿ ಟೇಟ್ ಪಬ್ಲಿಷಿಂಗ್ ಎಂಬ ಸಂಸ್ಥೆ ಇತ್ತು. ಒಂದೇ ಕುಟುಂಬದವರು ನಡೆಸುತ್ತಿದ್ದ, ಕ್ರೈಸ್ತ ಪ್ರಕಾಶನ ಎಂದು ಹೇಳಿಕೊಳ್ಳುತ್ತಿದ್ದ ಸಂಸ್ಥೆ. ಅಲ್ಲಿಗೆ ಹಸ್ತಪ್ರತಿ ಕಳಿಸಿದವರಲ್ಲಿ ಹೆಚ್ಚಿನವರು ಬರವಣಿಗೆಯಿಂದ ಹೊಟ್ಟೆ ಹೊರೆಯುವವರಲ್ಲ. ತಮ್ಮ ನಂಬಿಕೆಯ ಬಗ್ಗೆ, ಮನೆಯವರ ಕಾಯಿಲೆಯ ಬಗ್ಗೆ ಬರೆದವರು, ಮಕ್ಕಳಿಗೆ ಕತೆ ಹೆಣೆದವರು. ಪುಸ್ತಕ ಸ್ವೀಕಾರವಾಗಿದೆ ಎಂಬ ಸಂತೋಷದ ಪತ್ರದ ಹಿಂದೆಯೇ, ಪ್ರಚಾರದ ಖರ್ಚಿಗೆಂದು ಸುಮಾರು 4,000 ಡಾಲರ್ ಕೊಡಬೇಕೆಂಬ ಷರತ್ತೂ ಬರುತ್ತಿತ್ತು. ವರ್ಷಗಳ ಕಾಲ ಹೀಗೇ ನಡೆಯಿತು. ರಾಯಧನ ಬರಲಿಲ್ಲ, ಹಣ ಕೊಟ್ಟರೂ ಪುಸ್ತಕ ಅಚ್ಚಾಗಲಿಲ್ಲ ಎಂಬ ದೂರುಗಳು ಬೆಳೆದವು. ಜೆರಾಕ್ಸ್ ಕಂಪನಿಯೂ, ಪುಸ್ತಕ ಮುದ್ರಿಸಿಕೊಡುತ್ತಿದ್ದ ಲೈಟ್ನಿಂಗ್ ಸೋರ್ಸ್ ಕಂಪನಿಯೂ ಬಾಕಿಗಾಗಿ ಕೋರ್ಟಿಗೆ ಹೋದವು. 2017ರ ಜನವರಿಯಲ್ಲಿ ಟೇಟ್ ಮುಚ್ಚಿತು. ಸಾವಿರಾರು ಲೇಖಕರು ನಡುನೀರಿನಲ್ಲಿ ಉಳಿದರು.

ಮುಚ್ಚುವಾಗ ಸಂಸ್ಥೆ ಹಾಕಿದ ಪ್ರಕಟಣೆಯಲ್ಲಿ ಎರಡು ಸಂಗತಿಗಳಿದ್ದವು. ಲೇಖಕರಿಗೆಲ್ಲ ಹೊಸ ಮನೆ ಹುಡುಕಿಕೊಡುತ್ತೇವೆ ಎಂಬುದು ಒಂದು. ನಿಮ್ಮ ಪುಸ್ತಕದ ಮುದ್ರಣ ಸಿದ್ಧ ಫೈಲು ಬೇಕಿದ್ದರೆ 50 ಡಾಲರ್ ಕಟ್ಟಿ ಎಂಬುದು ಇನ್ನೊಂದು. 4,000 ಕೊಟ್ಟು ಮಾಡಿಸಿಕೊಂಡ ಕೆಲಸವನ್ನು ಕೈಗೆ ಪಡೆಯಲು ಮತ್ತೆ 50. ಮೊತ್ತ ಸಣ್ಣದಿರಬಹುದು. ಆದರೆ ಮನೆ ಬಿದ್ದುಹೋಗಿದೆ, ನಿಮ್ಮ ಪಾತ್ರೆ ಪಡಗ ಒಳಗೇ ಇವೆ, ತೆಗೆದುಕೊಳ್ಳಲು ಬಾಗಿಲಲ್ಲಿ ಇಷ್ಟು ಕೊಡಿ ಎಂದು ಕೇಳಿದ ಹಾಗೆ ಅದು. ಅದೇ ವರ್ಷ ಮೇ ತಿಂಗಳಲ್ಲಿ ಓಕ್ಲಹೋಮಾದ ಅಟಾರ್ನಿ ಜನರಲ್ ಸಂಸ್ಥೆಯ ಒಡೆಯರ ಮೇಲೆ ಹಣ ದುರುಪಯೋಗ, ಸುಲಿಗೆಯಂಥ ಕ್ರಿಮಿನಲ್ ಆರೋಪಗಳನ್ನು ಹೊರಿಸಿದರು. ದೂರು ಕೊಟ್ಟವರು ನೂರಾರು ಮಂದಿ.

ಹೊಸ ಮನೆ ಎಂಬ ಮಾತು ಹೊರಬಿದ್ದದ್ದೇ ತಡ, ಮನೆ ತೋರಿಸುವವರು ಸಾಲುಗಟ್ಟಿದರು. ಲೇಖಕರಿಂದಲೇ ಹಣ ಪಡೆದು ಪುಸ್ತಕ ಹೊರತರುವ ಬೇರೆ ಬೇರೆ ಕಂಪನಿಗಳು ಟೇಟ್ ಲೇಖಕರಿಗೆಂದೇ ರಿಯಾಯಿತಿ ಪ್ಯಾಕೇಜು ಕಟ್ಟಿದವು. ಕೆಲವು ಮೊದಲಿಂದ ಇದ್ದವು, ಕೆಲವು ನಿನ್ನೆ ಮೊನ್ನೆ ಹುಟ್ಟಿದವು. ರೈಟರ್ ಬಿವೇರ್ ಎಂಬ ಗುಂಪು ಕೂಡಲೇ ಎಚ್ಚರಿಕೆ ಕೊಟ್ಟಿತು. ಇದು 1998ರಲ್ಲಿ ವಿಕ್ಟೋರಿಯಾ ಸ್ಟ್ರೌಸ್ ಮತ್ತು ಎ.ಸಿ. ಕ್ರಿಸ್ಪಿನ್ ಎಂಬ ಇಬ್ಬರು ಕಾದಂಬರಿಕಾರ್ತಿಯರು ಕಟ್ಟಿ, ಅಮೆರಿಕದ ವಿಜ್ಞಾನ ಕಥೆಗಾರರ ಸಂಘದ ಆಸರೆಯಲ್ಲಿ ನಡೆಸಿಕೊಂಡು ಬಂದ ಕೆಲಸ. ಯಾವ ಲಾಭವೂ ಇಲ್ಲದೆ ಇಷ್ಟು ವರ್ಷ ಬೇರೆ ಬರಹಗಾರರ ಜೇಬು ಕಾಯ್ದ ಈ ಹೆಂಗಸರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಈ ಟಿಪ್ಪಣಿ ಬರೆಯಲು ಕೂತದ್ದು ಒಂದೇ ಮಾತು ಹೇಳುವುದಕ್ಕೆ. ಮುಳುಗಿದ ಪ್ರಕಾಶನದಲ್ಲಿ ಅತಿ ಹೆಚ್ಚು ಬೆಲೆಬಾಳುವ ವಸ್ತು ಪುಸ್ತಕಗಳಲ್ಲ, ಯಂತ್ರಗಳಲ್ಲ, ಹೆಸರೂ ಅಲ್ಲ. ಒಮ್ಮೆ ಹಣ ಕೊಟ್ಟವರ ಪಟ್ಟಿ. ಪ್ರಕಾಶಕನಿಗೆ ಹಣ ಕೊಡುವುದು ಲೋಕರೂಢಿ ಎಂದು ಹಳೆಯ ಸಂಸ್ಥೆಯೇ ಅವರಿಗೆ ಕಲಿಸಿಬಿಟ್ಟಿದೆ. ಹೊಸಬರು ಆ ಪಾಠವನ್ನು ಮೊದಲಿಂದ ಹೇಳಿಕೊಡಬೇಕಾಗಿಲ್ಲ. ಆ ಪಟ್ಟಿಯನ್ನು ಯಾರೂ ಮಾರಬೇಕೆಂದೂ ಇಲ್ಲ, ಅದು ಬಯಲಲ್ಲೇ ಬಿದ್ದಿರುತ್ತದೆ. ಅಮೆಜಾನ್‌ನಲ್ಲಿ ಪ್ರಕಾಶಕರ ಹೆಸರು ಹೊಡೆದರೆ ಸಾಕು, ಪುಸ್ತಕಗಳೆಲ್ಲ ಸಾಲಾಗಿ ಬರುತ್ತವೆ. ಐಎಸ್‌ಬಿಎನ್ ಎಂಬ 13 ಅಂಕಿಗಳ ಸಂಖ್ಯೆಯೊಳಗೇ ಪ್ರಕಾಶಕ ಯಾರು ಎಂಬ ಗುರುತು ಅಡಗಿದೆ. ಲೇಖಕರ ಹೆಸರು ಸಿಕ್ಕಮೇಲೆ ಫೇಸ್‌ಬುಕ್, ಚರ್ಚಿನ ವಾರ್ತಾಪತ್ರ, ಊರಿನ ಗ್ರಂಥಾಲಯದ ಕಾರ್ಯಕ್ರಮದ ಸುದ್ದಿ, ಎಲ್ಲಿಂದಲಾದರೂ ನಂಬರು ಸಿಗುತ್ತದೆ. ಬೆಂಕಿ ಬಿದ್ದ ಮನೆಯಿಂದ ಗಳ ಎಳೆದುಕೊಂಡು ಹೋಗುವವನಿಗೆ ಕನ್ನ ಕೊರೆಯುವ ಕಷ್ಟವಿಲ್ಲ. ಊರೆಲ್ಲ ಕೊಡ ಹಿಡಿದು ಓಡುವಾಗ ಅವನೂ ಅವರ ನಡುವೆ ಓಡುತ್ತಿರುತ್ತಾನೆ, ಅಷ್ಟೇ.

ಒಂದು ಪ್ರಸಂಗವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಪತ್ರಿಕೆಯ ಹಳೆಯ ಓದುಗರೊಬ್ಬರು, ಮಲೆನಾಡಿನ ಕಡೆಯವರು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮಗಳು ಅಮೆರಿಕದಲ್ಲಿ. ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗಾಗಿ ತಮ್ಮ ಬಾಲ್ಯವನ್ನು ಇಂಗ್ಲಿಷಿನಲ್ಲಿ ಬರೆದರು. ಅಡಕೆ ತೋಟ, ಜಡಿಮಳೆ, ತಮ್ಮನ್ನು ಸಾಕಿದ ಅಜ್ಜಿ. ಅಲ್ಲಿನ ಸಣ್ಣ ಪ್ರಕಾಶನವೊಂದು 3,000 ಡಾಲರ್ ತೆಗೆದುಕೊಂಡು ಅದನ್ನು ಅಚ್ಚು ಹಾಕಿತು. ಎರಡನೇ ವರ್ಷಕ್ಕೆ ಪ್ರಕಾಶನ ಮುಚ್ಚಿತು. ಪತ್ರಕ್ಕೆ ಉತ್ತರವಿಲ್ಲ, ಫೋನು ಹೋಗುವುದಿಲ್ಲ, ಪುಸ್ತಕ ಎಲ್ಲೂ ಸಿಗುವುದಿಲ್ಲ. ಉಳಿದ 18 ಪ್ರತಿಗಳನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಊರಿಗೆ ಬಂದಿದ್ದರು.

ಆಮೇಲೆ ಬೇರೊಂದು ಕಂಪನಿಯಿಂದ ಬಂದ ಪತ್ರದ ಪ್ರಿಂಟೌಟನ್ನು ನನಗೆ ತೋರಿಸಲು ತಂದಿದ್ದರು. ಎರಡು ಪುಟ. ಪುಸ್ತಕದ ಹೆಸರೇ ತಪ್ಪಾಗಿತ್ತು. ಅಜ್ಜಿ ಇದ್ದಲ್ಲಿ ಅಜ್ಜ ಬಂದಿದ್ದ. ನಮ್ಮ ಸಂಪಾದಕ ಮಂಡಳಿ ನಿಮ್ಮ ಕೃತಿಯನ್ನು ಎರಡು ಬಾರಿ ಓದಿದೆ ಎಂದಿತ್ತು. ಮರುಪ್ರಕಟಣೆಗೆ 2,400 ಡಾಲರ್, ಪ್ರಕಾಶಕರನ್ನು ಕಳೆದುಕೊಂಡವರಿಗೆ ವಿಶೇಷ ರಿಯಾಯಿತಿ, ಶುಕ್ರವಾರದವರೆಗೆ ಮಾತ್ರ. ಪಾಠ ಹೇಳಿದವರ ರೂಢಿ ಬಿಡುತ್ತದೆಯೇ, ತಪ್ಪುಗಳಿಗೆಲ್ಲ ಅವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಒಟ್ಟು ಒಂಬತ್ತು ಗೆರೆ. ಅಷ್ಟೂ ತಪ್ಪನ್ನು ಹಿಡಿದವರು, ಆದರೂ ಹಣ ಕಳಿಸಲೋ ಬೇಡವೋ ಎಂದು ನನ್ನನ್ನು ಕೇಳುತ್ತಿದ್ದರು. ಇಷ್ಟು ಗೆರೆ ಎಳೆದ ಮೇಲೂ ಯಾಕೆ ಯೋಚನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಓದಿದ್ದೇವೆ ಅಂತ ಬರೆದಿದಾರಲ್ಲ. ಇಷ್ಟು ದಿನ ಯಾರೂ ಹಾಗೆ ಹೇಳಿರಲಿಲ್ಲ.’

ಆ ಮಾತು ನನ್ನ ಎದೆಗೆ ನಾಟಿದೆ. ಇಂಥ ಕಂಪನಿಗಳಿಗೆ ಬಲಿಯಾದವರನ್ನು ದಡ್ಡರು, ಹೆಸರಿನ ಹುಚ್ಚು ಹಿಡಿದವರು ಎಂದು ಆಡಿಕೊಳ್ಳುವವರು ನಮ್ಮ ಸಾಹಿತ್ಯವಲಯದಲ್ಲಿ ಬಹಳ ಮಂದಿ ಇದ್ದಾರೆ. ದಯವಿಟ್ಟು ಹಾಗೆ ಮಾತಾಡಬೇಡಿ. ಐದು ವರ್ಷ ಕೂತು ಬರೆದ ಮನುಷ್ಯನಿಗೆ ಒಬ್ಬ ಓದುಗ ಸಿಕ್ಕ ಎನ್ನಿಸುವುದು ಎಂಥ ಸುಖ ಎಂಬುದು ಬರೆಯುವವರಿಗೆಲ್ಲ ಗೊತ್ತು. ಈ ವ್ಯಾಪಾರದವರು ಮುಟ್ಟುವುದು ಆ ಹಸಿವನ್ನೇ. ಹೇಳುವ ಸುಳ್ಳನ್ನೂ ಅಳೆದೇ ಹೇಳುತ್ತಾರೆ.

ಓದಿದ್ದೇವೆ ಎಂಬ ಮಾತಿನ ನಿಜವನ್ನು ಒರೆಗೆ ಹಚ್ಚಿ ನೋಡಿದವರೂ ಇದ್ದಾರೆ. ಮೇರಿಲ್ಯಾಂಡ್ ರಾಜ್ಯದ ಪಬ್ಲಿಷ್‌ಅಮೆರಿಕ ಎಂಬ ಕಂಪನಿ, ಬಂದ ಹಸ್ತಪ್ರತಿಗಳನ್ನೆಲ್ಲ ಅಳೆದು ತೂಗಿ ಆರಿಸುತ್ತೇವೆ ಎನ್ನುತ್ತಿತ್ತು. 2004ರಲ್ಲಿ ಜೇಮ್ಸ್ ಡಿ. ಮ್ಯಾಕ್‌ಡೊನಾಲ್ಡ್ ಎಂಬ ಲೇಖಕನ ಮುಂದಾಳುತನದಲ್ಲಿ ಒಂದು ಗುಂಪು, ಬೇಕೆಂದೇ ಕೆಟ್ಟದಾಗಿ ಒಂದು ಕಾದಂಬರಿ ಬರೆದು ಕಳಿಸಿತು. ಹೆಸರು ಅಟ್ಲಾಂಟಾ ನೈಟ್ಸ್. ಒಂದು ಅಧ್ಯಾಯವೇ ಇಲ್ಲ, ಇನ್ನೊಂದು ಎರಡು ಸಲ ಬಂದಿದೆ, ಮತ್ತೊಂದನ್ನು ಕಂಪ್ಯೂಟರು ಪದಗಳನ್ನು ಕಲಸಿ ಬರೆದಿದೆ. ಕೃತಿ ಸ್ವೀಕಾರವಾಯಿತು. ಗುಟ್ಟು ಬಯಲಾದ ಮೇಲೆ ಕಂಪನಿ ಸ್ವೀಕಾರವನ್ನು ಹಿಂದಕ್ಕೆ ಪಡೆಯಿತು. ಇದೇ ಮ್ಯಾಕ್‌ಡೊನಾಲ್ಡ್ ಹೊಸ ಬರಹಗಾರರಿಗೆ ಹೇಳುತ್ತ ಬಂದ ನಿಯಮವೊಂದಿದೆ: ಹಣ ಹರಿಯಬೇಕಾದದ್ದು ಲೇಖಕನ ಕಡೆಗೆ, ಅವನಿಂದ ಆಚೆಗಲ್ಲ. ಅಲ್ಲಿನ ಬರಹಗಾರರ ನಡುವೆ ಅದು ಗಾದೆಯಷ್ಟೇ ಬಳಕೆಯಲ್ಲಿದೆ.

ಇದು ಸಂದಿಗೊಂದಿಯ ಸಣ್ಣ ವ್ಯಾಪಾರ ಎಂದುಕೊಳ್ಳಬೇಡಿ. ಲೇಖಕರಿಂದ ಹಣ ಪಡೆದು ಪ್ರಕಟಿಸುವ ಹಲವು ಕಂಪನಿಗಳನ್ನು ಒಂದೇ ಸೂರಿನಡಿ ತಂದ ಆಥರ್ ಸೊಲ್ಯೂಷನ್ಸ್ ಎಂಬ ಸಂಸ್ಥೆಯನ್ನು ಪೆಂಗ್ವಿನ್‌ನ ಒಡೆಯರಾದ ಪಿಯರ್ಸನ್ 2012ರಲ್ಲಿ 11.6 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮರುವರ್ಷ ಪಾರ್ಟ್ರಿಜ್ ಎಂಬ ಹೆಸರಿನಲ್ಲಿ ಅದರ ಕವಲೊಂದು ಭಾರತಕ್ಕೂ ಬಂತು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಎಷ್ಟೋ ಮಂದಿಗೆ ಹಣ ಕೊಟ್ಟು ಪ್ಯಾಕೇಜು ಕೊಳ್ಳುವ ಪದ್ಧತಿ ಪರಿಚಯವಾದದ್ದು ಆ ಕಾಲದಲ್ಲೇ. 2016ರ ಆರಂಭದ ಹೊತ್ತಿಗೆ ಪೆಂಗ್ವಿನ್ ಆಥರ್ ಸೊಲ್ಯೂಷನ್ಸನ್ನು ಮಾರಿ ಕೈತೊಳೆದುಕೊಂಡಿತ್ತು. ಆದರೆ ಅಷ್ಟರಲ್ಲಿ ಪೆಂಗ್ವಿನ್ ಎಂಬ ಹೆಸರು ಈ ವ್ಯವಹಾರಕ್ಕೆ ಬೇಕಾದಷ್ಟು ಮರ್ಯಾದೆ ತಂದುಕೊಟ್ಟಾಗಿತ್ತು. ದೊಡ್ಡ ಮನೆತನದವರು ಒಮ್ಮೆ ಪಂಕ್ತಿಯಲ್ಲಿ ಕೂರಿಸಿಕೊಂಡವರನ್ನು ಊರು ಎಬ್ಬಿಸುವುದು ಕಷ್ಟ.

ಆಥರ್ ಸೊಲ್ಯೂಷನ್ಸ್‌ನ ಬಹುಪಾಲು ಕೆಲಸ ನಡೆಯುತ್ತಿದ್ದದ್ದು ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ. ಅಲ್ಲಿ ಕೆಲಸ ಕಲಿತವರು ಹೊರಬಂದು ಸ್ವಂತ ಅಂಗಡಿ ತೆರೆದ ಉದಾಹರಣೆಗಳನ್ನು ರೈಟರ್ ಬಿವೇರ್ ಒಂದೊಂದಾಗಿ ದಾಖಲಿಸಿದೆ. ಅಮೆರಿಕದ ವಿಳಾಸ, ಅಮೆರಿಕದ ಹೆಸರು, ಕರೆ ಬರುವುದು ಸಾಗರದಾಚೆಯಿಂದ. ಮೊದಲು ಮರುಪ್ರಕಟಣೆ, ಆಮೇಲೆ ಪುಸ್ತಕಮೇಳದ ಕಪಾಟಿನಲ್ಲಿ ಜಾಗ, ಆಮೇಲೆ ಹಾಲಿವುಡ್‌ಗೆ ಚಿತ್ರಕಥೆ, ಆಮೇಲೆ ದೊಡ್ಡ ಪ್ರಕಾಶಕರು ಒಪ್ಪಿದ್ದಾರೆ, ಇದೊಂದು ಶುಲ್ಕ ಕಟ್ಟಿದರೆ ಮುಗಿಯಿತು. 2024ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ದಕ್ಷಿಣ ಜಿಲ್ಲೆಯ ಫೆಡರಲ್ ಪ್ರಾಸಿಕ್ಯೂಟರುಗಳು ಪೇಜ್‌ಟರ್ನರ್ ಎಂಬ ಇಂಥ ಕಂಪನಿಯ ಹಿಂದಿದ್ದವರ ಮೇಲೆ ಮೊಕದ್ದಮೆ ಹೂಡಿದರು. ಅವರ ಆರೋಪದ ಪ್ರಕಾರ 800ಕ್ಕೂ ಹೆಚ್ಚು ಲೇಖಕರು ಕಳೆದುಕೊಂಡದ್ದು 4.4 ಕೋಟಿ ಡಾಲರ್. ತಲೆಗೆ ಸರಾಸರಿ 50,000 ಡಾಲರಿಗೂ ಹೆಚ್ಚು ಬೀಳುತ್ತದೆ. ಒಂದು ಪುಸ್ತಕಕ್ಕಾಗಿ. ಅವರಲ್ಲಿ ಅನೇಕರು ವಯಸ್ಸಾದವರು, ಬದುಕಿನ ಉಳಿತಾಯವನ್ನೇ ಸುರಿದವರು.

ಕ್ರಿಮಿನಲ್ ಮೊಕದ್ದಮೆಯವರೆಗೆ ಹೋಗದ ಕಡೆಯೂ ಲೆಕ್ಕ ಹೇಗಿದೆ ನೋಡಿ. ಬ್ರಿಟನ್ನಿನ ಸೊಸೈಟಿ ಆಫ್ ಆಥರ್ಸ್ ಮತ್ತು ಅಲ್ಲಿನ ರೈಟರ್ಸ್ ಗಿಲ್ಡ್ ಸೇರಿ, ಹಣ ಕೊಟ್ಟು ಪ್ರಕಟಿಸಿದ 240 ಬರಹಗಾರರನ್ನು ಮಾತಾಡಿಸಿ 2022ರಲ್ಲಿ ಒಂದು ವರದಿ ತಂದವು. ನೂರಕ್ಕೆ 94 ಮಂದಿ ನಷ್ಟ ಮಾಡಿಕೊಂಡಿದ್ದರು. ಸರಾಸರಿ ನಷ್ಟ 1,861 ಪೌಂಡು. ಮಾರಾಟವಾದ ಪ್ರತಿಗಳ ಮಧ್ಯಾಂಕ 67. ನೆಂಟರಿಷ್ಟರು, ಹಳೆಯ ಸಹೋದ್ಯೋಗಿಗಳು, ಬೀದಿಯವರು ಸೇರಿದರೆ ಮುಗಿಯುವ ಲೆಕ್ಕ ಅದು.

ಹಾಗಿದ್ದರೆ ನಡುನೀರಿನಲ್ಲಿ ಬಿಟ್ಟುಹೋದ ಲೇಖಕರಿಗೆ ನಿಜವಾಗಿ ಬೇಕಾದದ್ದು ಏನು? ನಾನು ಹೇಳುವುದು ಇಷ್ಟೇ: ಮೊದಲ ತಿಂಗಳು ಹೊಸ ಪ್ರಕಾಶಕರನ್ನು ಹುಡುಕಲೇಬೇಡಿ. ಹಕ್ಕು ನಿಮಗೆ ವಾಪಸಾಗಿದೆ ಎಂದು ಹಳೆಯ ಸಂಸ್ಥೆಯಿಂದ ಒಂದು ಪತ್ರ ಬರೆಸಿಕೊಳ್ಳಿ. ಎರಡು ಸಾಲಿನ ಇಮೇಲ್ ಆದರೂ ಆದೀತು, ಕೃತಿಯ ಹೆಸರು ಮತ್ತು ತಾರೀಕು ಇರಬೇಕು. ಸಂಸ್ಥೆ ಇನ್ನೂ ಉಸಿರಾಡುತ್ತಿರುವಾಗಲೇ ಇದು ಆಗಬೇಕು. ಆಮೇಲೆ ಸಹಿ ಹಾಕುವವರು ಸಿಗುವುದು ಕಷ್ಟ. ಪ್ರಕಾಶಕ ದಿವಾಳಿಯಾದರೆ ಹಕ್ಕು ತಾನಾಗಿ ಲೇಖಕನಿಗೆ ಎಂದು ಒಪ್ಪಂದದಲ್ಲಿ ಬರೆದಿದೆಯಲ್ಲ ಎಂದು ನೆಮ್ಮದಿಯಾಗಿ ಕೂರುವವರಿದ್ದಾರೆ. ಅಮೆರಿಕದ ದಿವಾಳಿ ಕಾನೂನಿನ ಮುಂದೆ ಆ ಕಲಮು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಮ್ಮ ಪುಸ್ತಕದ ಪ್ರಕಟಣೆಯ ಹಕ್ಕೂ ಮೇಜು ಕುರ್ಚಿಯ ಹಾಗೆ ಸಾಲ ಕೊಟ್ಟವರ ಪಾಲಿನ ಆಸ್ತಿಯಾಗಿ ಲೆಕ್ಕಕ್ಕೆ ಹೋಗಬಹುದು. ಹಕ್ಕು ಕೈಯಲ್ಲಿಲ್ಲದೆ ಹೊಸಬರಿಗೆ ಹಣ ಕಟ್ಟಿದರೆ, ನಿಮ್ಮದೆಂದು ಇನ್ನೂ ಖಾತೆಯಾಗದ ನಿವೇಶನದಲ್ಲಿ ಮನೆ ಕಟ್ಟಿಸಿದಂತೆ. ಕರೆ ಮಾಡುವ ಈ ಕಂಪನಿಗಳಲ್ಲಿ ಹಕ್ಕಿನ ಪತ್ರ ಇದೆಯೇ ಎಂದು ಮೊದಲು ಕೇಳುವವರು ಅಪರೂಪ. ಅದನ್ನು ಕೇಳದವರು ಪ್ರಕಾಶಕರಲ್ಲ.

ಇನ್ನು ಅವರು ಪಟ್ಟಿ ಮಾಡಿ ಬೆಲೆ ಹಚ್ಚುವ ಸೇವೆಗಳು. ಹಳೆಯ ಐಎಸ್‌ಬಿಎನ್ ಹಳೆಯ ಪ್ರಕಾಶಕರದ್ದು, ಹೊಸ ಆವೃತ್ತಿಗೆ ಹೊಸದೇ ಬೇಕು, ಇದು ನಿಜ. ಆದರೆ ಅಮೆರಿಕದಲ್ಲಿ ಒಂದು ಸಂಖ್ಯೆಯ ಬೆಲೆ 125 ಡಾಲರ್, ಹತ್ತು ಒಟ್ಟಿಗೆ ಕೊಂಡರೆ 295. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಮುಖಪುಟದ ಚಿತ್ರ ನಿಮ್ಮದಲ್ಲದೆ ಇರಬಹುದು, ಪುಟವಿನ್ಯಾಸವೂ ನಿಮ್ಮದಲ್ಲದೆ ಇರಬಹುದು. ಮಾತುಗಳು ನಿಮ್ಮವು. ನಿಮ್ಮ ಕಂಪ್ಯೂಟರಿನಲ್ಲಿರುವ ಮೂಲ ಕಡತಕ್ಕೆ ಯಾರೂ ಬಾಡಿಗೆ ಕೇಳುವಂತಿಲ್ಲ. ಅದನ್ನು ಚೆನ್ನಾಗಿ ಡಿಟಿಪಿ ಮಾಡಿಸಿ, ಅಮೆಜಾನ್‌ನಂಥ ಕಡೆ ತಾವೇ ಏರಿಸುವುದಕ್ಕೆ ಸಾವಿರಗಟ್ಟಲೆ ಡಾಲರ್ ಬೇಕಾಗಿಲ್ಲ.

ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತರುವುದು ತಪ್ಪಲ್ಲ, ಅವಮಾನವಂತೂ ಅಲ್ಲವೇ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ನಡೆದು ಮಾರಿದ ನಾಡು ನಮ್ಮದು. ಆದರೆ ಗಳಗನಾಥರ ಹೊರೆ ಗಳಗನಾಥರದ್ದೇ ಆಗಿತ್ತು. ಖರ್ಚೂ ಅವರದು, ಹಕ್ಕೂ ಅವರದು, ಬಂದ ಕಾಸೂ ಅವರದು. ಖರ್ಚು ಲೇಖಕನದು, ಹಕ್ಕು ಕಂಪನಿಯದು, ಬಂದದ್ದರಲ್ಲಿ ಲೇಖಕನಿಗೆ ಇಷ್ಟು ಶೇಕಡಾ ಎಂಬ ಏರ್ಪಾಡಿಗೆ ಸ್ವಂತ ಪ್ರಕಟಣೆ ಎಂಬ ಹೆಸರು ಸಲ್ಲುವುದಿಲ್ಲ.

ಹಣ ಮೊದಲೇ ಪಡೆಯುವ ಪದ್ಧತಿಯೇ ಕೆಟ್ಟದ್ದೆಂದೂ ಅಲ್ಲ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರಿಂದ ಮುಂಗಡ ಪಡೆದು ಪುಸ್ತಕ ಕೊಟ್ಟಿತು. ಕೊಟ್ಟವರು ಓದುಗರು. ಲಂಡನ್ನಿನ ಅನ್‌ಬೌಂಡ್ ಇದನ್ನೇ ಈ ಶತಮಾನದಲ್ಲಿ ಇಂಟರ್ನೆಟ್ಟಿನ ಮೂಲಕ ಮಾಡಿತು. ಓದುಗರು ಮೊದಲೇ ಹಣ ಹಾಕಿದ ಅದರ ಪುಸ್ತಕವೊಂದು, ಪಾಲ್ ಕಿಂಗ್ಸ್‌ನಾರ್ತ್‌ರ ‘ದಿ ವೇಕ್’, 2014ರ ಬುಕರ್ ಪ್ರಶಸ್ತಿಯ ಮೊದಲ ಪಟ್ಟಿಗೂ ಏರಿತು. ಆದರೂ 2025ರ ಮಾರ್ಚಿನಲ್ಲಿ ಅನ್‌ಬೌಂಡ್ ಕುಸಿಯಿತು. ಅದರ ಆಸ್ತಿಯನ್ನು ಬೌಂಡ್‌ಲೆಸ್ ಎಂಬ ಹೊಸ ಕಂಪನಿ ಕೊಂಡಿತು, ಲೇಖಕರ ಹಳೆಯ ಬಾಕಿ ನೆನೆಗುದಿಗೆ ಬಿತ್ತು. ಅದೇ ವರ್ಷ ಬೌಂಡ್‌ಲೆಸ್ಸೂ ನಿಂತಿತು. ಒಂದೇ ವರ್ಷದಲ್ಲಿ ಎರಡು ಸಲ ಮುಳುಗಿದ ಲೇಖಕರ ಬಳಿಗೆ ಈಗ ಯಾರು ಯಾರು ಬರುತ್ತಾರೆಂದು ನೆನೆದರೆ ಹೊಟ್ಟೆ ಹಿಂಡುತ್ತದೆ. ನಾಮಾಂಕಿತರಿಗೆ ಏಜೆಂಟರಿದ್ದಾರೆ. ಉಳಿದವರಿಗೆ ಫೋನು ಮಾತ್ರ ಇದೆ.

ಮುಚ್ಚುವುದನ್ನೂ ಮರ್ಯಾದೆಯಿಂದ ಮಾಡಬಹುದು. 2022ರ ಫೆಬ್ರವರಿಯಲ್ಲಿ ಅಮೆಜಾನ್ ತನ್ನ ಒಡೆತನದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದಾಗಿ ಹೇಳಿದಾಗ ದೇಶದ ಇಂಗ್ಲಿಷ್ ಲೇಖಕರೆಲ್ಲ ಬೆಚ್ಚಿದರು. ಓದುಗರು ಪುಸ್ತಕ ಮುಗಿದುಹೋಗುವ ಮೊದಲು ಕೊಳ್ಳಲು ಓಡಿದರು. ಆದರೆ ಹಕ್ಕುಗಳು ಲೇಖಕರಿಗೆ ಮರಳಿದವು. ಅಮೀಶ್ ಅವರಂಥವರು ಬೇರೆ ಪ್ರಕಾಶನಕ್ಕೆ ಹೋದರು. ಕೆಲವೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಪ್ರತಿಲಿಪಿ ಸಂಸ್ಥೆ ಅದೇ ಸಂಪಾದಕ ತಂಡದ ಜೊತೆ ಕೈಜೋಡಿಸಿ ವೆಸ್ಟ್‌ಲ್ಯಾಂಡ್ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿತು. ಅಂದರೆ ಆಪತ್ತಿಗಾಗುವ ಪ್ರಕಾಶಕರು ಇಲ್ಲದೆ ಇಲ್ಲ. ಅವರು ತಮ್ಮ ಹಣ ಹಾಕುತ್ತಾರೆ, ನಿಮ್ಮದನ್ನಲ್ಲ.

ಕನ್ನಡದ ಬರಹಗಾರರಿಗೆ ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಒಪ್ಪಂದ ಎಂಬುದು ಬಹಳ ಸಲ ಬಾಯಿಮಾತು. ಪ್ರಕಾಶಕರು ಮನೆಗೆ ಬಂದು ಕಾಫಿ ಕುಡಿದು ಹಸ್ತಪ್ರತಿ ತೆಗೆದುಕೊಂಡು ಹೋಗುತ್ತಾರೆ. ಅವರು ತೀರಿಕೊಂಡರೆ, ಅಂಗಡಿ ನಿಂತರೆ, ಪುಸ್ತಕ ಅಲ್ಲಿಗೇ ಮುಗಿಯಿತು ಎಂದು ಎಷ್ಟೋ ಹಿರಿಯರು ಕೈಚೆಲ್ಲಿ ಕೂತಿದ್ದಾರೆ. ಹಾಗೆ ಕೂರಬೇಕಾಗಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನ ಪ್ರಕಾರ ಬರಹದಲ್ಲಿ, ಸಹಿಯೊಂದಿಗೆ ಇಲ್ಲದ ಹಕ್ಕು ವರ್ಗಾವಣೆ ಊರ್ಜಿತವೇ ಅಲ್ಲ. ಬರೆದುಕೊಟ್ಟಿದ್ದರೂ ಅವಧಿ ನಮೂದಿಸಿರದಿದ್ದರೆ ಅದು ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ನಿಮ್ಮ ಹಳೆಯ ಕಾದಂಬರಿ ಹೆಚ್ಚಾಗಿ ನಿಮ್ಮದೇ ಆಗಿದೆ. ಅದನ್ನು ಬಿಡಿಸಿಕೊಡುತ್ತೇವೆ ಎಂದು ಶುಲ್ಕ ಕೇಳುವವರು ನಿಮ್ಮ ಮನೆಯ ಬೀಗದ ಕೈಯನ್ನು ನಿಮಗೇ ಮಾರಲು ಬಂದವರು.

ಈ ಪತ್ರಿಕೆ ಲೇಖಕರಿಂದ ಹಣ ಪಡೆದು ಪ್ರಕಟಿಸುವ ಕಂಪನಿಗಳ ಜಾಹೀರಾತನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ. ಹಿಂದೆ ಒಂದೆರಡು ಬಾರಿ ತೆಗೆದುಕೊಂಡಿದ್ದೇವೆ, ವಿಚಾರಿಸದೆ. ಅದು ನನ್ನ ತಪ್ಪು. ಇನ್ನು ಹೊರನಾಡಿನಲ್ಲಿರುವ ಮಕ್ಕಳಲ್ಲಿ ಒಂದು ಬೇಡಿಕೆ: ಅಪ್ಪನೋ ಅಮ್ಮನೋ ಪುಸ್ತಕ ಬರೆದಿದ್ದರೆ ಅದನ್ನು ನೀವು ಮೊದಲು ಓದಿ. ಓದಿದೆ ಎಂದು ಅವರಿಗೆ ಹೇಳಿ. ಯಾವ ಪುಟದಲ್ಲಿ ಏನು ಹಿಡಿಸಿತು ಎಂದೂ ಹೇಳಿ.

ಮಲೆನಾಡಿನ ಆ ಅಧ್ಯಾಪಕಿ ಹಣ ಕಳಿಸಲಿಲ್ಲ. ಮುಚ್ಚಿದ ಪ್ರಕಾಶನದ ಹಳೆಯ ಇಮೇಲ್ ವಿಳಾಸಗಳಿಗೆಲ್ಲ ಒಂದೇ ಪತ್ರವನ್ನು ನಾಲ್ಕು ಸಲ ಕಳಿಸಿದರು. ಐದನೇ ವಾರಕ್ಕೆ ಒಂದು ಕಡೆಯಿಂದ ಎರಡು ಸಾಲಿನ ಉತ್ತರ ಬಂತು, ಹಕ್ಕುಗಳೆಲ್ಲ ಲೇಖಕರಿಗೆ ಮರಳಿವೆ ಎಂದು. ಅದನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಇಂಗ್ಲಿಷ್ ಪುಸ್ತಕ ಮೊಮ್ಮಕ್ಕಳಿಗೆ ಹೋಯಿತಲ್ಲ, ಸಾಕು ಎಂದು ಈಗ ಅದನ್ನೇ ಕನ್ನಡದಲ್ಲಿ ಹೊಸದಾಗಿ ಬರೆಯುತ್ತಿದ್ದಾರೆ. ಮೊದಲ ಅಧ್ಯಾಯ ನನ್ನ ಮೇಜಿನ ಮೇಲಿದೆ. ಅಡಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನ ಪ್ರಸ್ತಾಪ ಬಂದಲ್ಲಿ, ಕೊನೆಗೌಡ ಅಂದರೆ ಯಾರು ಎಂದು ಇಂಗ್ಲಿಷಿನಲ್ಲಿ ಮೂರು ಸಾಲು ವಿವರಿಸಿದ್ದರಂತೆ. ಕನ್ನಡದ ಕರಡಿನಲ್ಲೂ ಅಭ್ಯಾಸದಿಂದ ಆ ಮೂರು ಸಾಲು ಬಂದಿವೆ. ಅವುಗಳ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ.